ಸೆರಾಮಿಕ್ ಚಾಕುವಿಗೆ ಮನೆಯಲ್ಲೇ ಸಾಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸೆರಾಮಿಕ್ ಚಾಕುವನ್ನು ಹೆಚ್ಚಾಗಿ ಹಾಳು ಮಾಡುವವರು ಸಾಣೆ ಹಿಡಿಯಲು ಬಾರದವರಲ್ಲ, ಉಕ್ಕಿನ ಚಾಕುಗಳಿಗೆ ಸಾಣೆ ಹಿಡಿದು ಕೈ ಪಳಗಿದವರು. ಒತ್ತಿ ಉಜ್ಜುವುದು, ಬಾಯಿ ಮುಂದೆ ಮಾಡಿ ತಳ್ಳುವುದು, ಬೆರಳಿಗೆ ಲೋಹದ ಎಳೆ ತಗಲುವವರೆಗೆ ಬಿಡದಿರುವುದು, ಇವೆಲ್ಲ ಉಕ್ಕಿಗೆ ಸರಿ. ಸೆರಾಮಿಕ್‌ಗೆ ಈ ಮೂರೂ ತಿರುಗುಬಾಣ.

ಮುಂದೆ ಪದೇ ಪದೇ ಬರುವ ಮಾತುಗಳು: ಅಲಗು ಎಂದರೆ ಹಿಡಿಯ ಆಚೆಗಿನ ಇಡೀ ಭಾಗ. ಬಾಯಿ ಎಂದರೆ ಕತ್ತರಿಸುವ ಅಂಚು. ಅದರ ಎದುರಿನ ದಪ್ಪ ಅಂಚು ಬೆನ್ನು. ತುದಿ ಮೊನೆ, ಹಿಡಿಯ ಪಕ್ಕದ್ದು ಬುಡ. ಬಾಯಿಯತ್ತ ಇಳಿಯುವ ಕಿರಿದಾದ ಹೊಳೆಯುವ ಪಟ್ಟಿ ಇಳಿಜಾರು.

ಸೆರಾಮಿಕ್ ಚಾಕುವಿಗೆ ಸಾಣೆಯೇ ಬೇಡ ಅಂತಾರಲ್ಲ?

ಬೇಕು. ತಡವಾಗಿ ಬೇಕು, ಅಷ್ಟೇ. ಮೆತ್ತನೆಯ ತರಕಾರಿ, ಹಣ್ಣು, ಮೂಳೆಯಿಲ್ಲದ ಮಾಂಸಕ್ಕೆ ಮಾತ್ರ ಬಳಸಿದರೆ ಉಕ್ಕಿನ ಚಾಕುವಿಗಿಂತ ಬಹಳ ಕಾಲ ಹರಿತ ಉಳಿಯುತ್ತದೆ. ಅದರ ಅರ್ಥ ಎಂದೆಂದಿಗೂ ಎಂದಲ್ಲ.

ಇದು ಯಾವ ಸೆರಾಮಿಕ್? ಕಪ್ಪು-ಬಸಿಯ ಪಿಂಗಾಣಿಯೇ?

ಅಲ್ಲ. ಇದು ಜಿರ್ಕೋನಿಯಾ, ಅಂದರೆ ಜಿರ್ಕೋನಿಯಂ ಡೈಆಕ್ಸೈಡ್. ಅದರ ಪುಡಿಗೆ ಸ್ವಲ್ಪ ಯಟ್ರಿಯಾ, ಅಂದರೆ ಯಟ್ರಿಯಂ ಆಕ್ಸೈಡ್ (ಸಾಮಾನ್ಯವಾಗಿ ಅಣುಗಳ ಲೆಕ್ಕದಲ್ಲಿ ಶೇ. 3) ಬೆರೆಸಿ, ಅಚ್ಚಿನಲ್ಲಿ ಭಾರೀ ಒತ್ತಡದಿಂದ ಒತ್ತಿ, 1400ರಿಂದ 1500 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಸುಡುತ್ತಾರೆ. ಆಮೇಲೆ ವಜ್ರದ ಚಕ್ರದಿಂದ ಬಾಯಿ ತೆಗೆಯುತ್ತಾರೆ. ಅಡುಗೆಮನೆಗೆ ಇದನ್ನು 1980ರ ದಶಕದಲ್ಲಿ ತಂದವರಲ್ಲಿ ಜಪಾನಿನ ಕ್ಯೋಸೆರಾ ಮೊದಲಿನದು.

ಯಟ್ರಿಯಾ ಸುಮ್ಮನೆ ಹಾಕಿದ್ದಲ್ಲ. ಜಿರ್ಕೋನಿಯಾ ಹರಳಿಗೆ ಒಂದಕ್ಕಿಂತ ಹೆಚ್ಚು ರೂಪಗಳಿವೆ. ಬಿಸಿಯಲ್ಲಿ ಮಾತ್ರ ಇರಬೇಕಾದ ಒಂದು ರೂಪವನ್ನು ಯಟ್ರಿಯಾ ಕೋಣೆಯ ಉಷ್ಣತೆಯಲ್ಲೂ ಹಿಡಿದಿಡುತ್ತದೆ. ಎಲ್ಲೋ ಬಿರುಕು ಹರಿಯತೊಡಗಿದರೆ, ಬಿರುಕಿನ ತುದಿಯ ಸುತ್ತಲಿನ ಹರಳುಗಳು ಇನ್ನೊಂದು ರೂಪಕ್ಕೆ ತಿರುಗಿ ಸುಮಾರು ಶೇ. 4ರಷ್ಟು ಉಬ್ಬುತ್ತವೆ. ಆ ಉಬ್ಬು ಬಿರುಕನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುತ್ತದೆ. 1975ರಲ್ಲಿ ಇದನ್ನು ವಿವರಿಸಿದ ಗಾರ್ವಿ, ಹ್ಯಾನಿಂಕ್ ಮತ್ತು ಪಾಸ್ಕೋ ಈ ವಸ್ತುವನ್ನು ‘ಸೆರಾಮಿಕ್ ಉಕ್ಕು’ ಎಂದು ಕರೆದರು. ಮುಂದೊಂದು ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದ್ದರು. ಚಾಕುವಿನ ಮಟ್ಟಿಗೆ ಆ ಚಿಹ್ನೆ ಸರಿಯಾಗಿಯೇ ಇದೆ: ಬೇರೆ ಸೆರಾಮಿಕ್‌ಗಳ ಮುಂದೆ ಜಿರ್ಕೋನಿಯಾ ಗಟ್ಟಿಗ, ಉಕ್ಕಿನ ಮುಂದೆ ಗಾಜಿನ ಕಡೆಯವ.

ಹಾಗಾದರೆ ಇದು ಮೊಂಡಾಗುವುದು ಹೇಗೆ?

ಉಕ್ಕಿನ ಬಾಯಿ ಮಡಚಿಕೊಳ್ಳುತ್ತದೆ, ಸವೆಯುತ್ತದೆ. ಸೆರಾಮಿಕ್ ಬಾಯಿ ಮಡಚುವುದಿಲ್ಲ, ಉದುರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಚಕ್ಕೆಗಳು ಒಂದೊಂದಾಗಿ ಕಿತ್ತುಬರುತ್ತವೆ. ಶುರುವಿನಲ್ಲಿ ಇದರಿಂದ ಬಾಯಿಗೆ ಗರಗಸದಂಥ ಕಚ್ಚು ಸಿಕ್ಕಿ ಟೊಮೆಟೊ ಇನ್ನೂ ಚೆನ್ನಾಗಿಯೇ ಕತ್ತರಿಸುತ್ತದೆ, ಹಾಗಾಗಿ ನಮಗೆ ಗೊತ್ತಾಗುವುದಿಲ್ಲ. ಚಕ್ಕೆಗಳು ಒಂದಕ್ಕೊಂದು ಸೇರಿ ಬಾಯಿ ಗುಂಡಗಾದ ಮೇಲೆ ಚಾಕು ಸಿಪ್ಪೆಯ ಮೇಲೆ ಜಾರತೊಡಗುತ್ತದೆ.

ಮುಂದೆ ಹೇಳುವುದೆಲ್ಲ ಇದರಿಂದಲೇ ಹುಟ್ಟಿದ್ದು. ಬಗ್ಗದ ವಸ್ತುವಿಗೆ ಸಾಣೆ ಹಿಡಿಯುವಾಗ ಎಷ್ಟು ಉಜ್ಜಿ ತೆಗೆದಿರಿ ಎನ್ನುವುದಕ್ಕಿಂತ ಎಷ್ಟು ಹೊಸ ಚಕ್ಕೆ ಏಳದಂತೆ ನೋಡಿಕೊಂಡಿರಿ ಎನ್ನುವುದು ಮುಖ್ಯ.

ನಿಜವಾಗಿ ಮೊಂಡಾಗಿದೆಯೋ, ಬರೀ ಕೊಳೆಯೋ?

ಬಿಳಿ ಅಲಗಿನ ಮೇಲಿನ ಬೂದು ಗೆರೆಗಳು ಗೀರುಗಳಲ್ಲ. ಪಾತ್ರೆ, ಚಮಚ, ಸಿಂಕ್‌ಗೆ ತಾಗಿದಾಗ ಸೆರಾಮಿಕ್‌ಗಿಂತ ಮೆದುವಾದ ಲೋಹವೇ ಸವೆದು ಅಂಟಿಕೊಂಡದ್ದು. ಪಾತ್ರೆ ತೊಳೆಯುವ ಪುಡಿಯನ್ನು ಒದ್ದೆ ಬಟ್ಟೆಗೆ ಹಾಕಿ ಬೆನ್ನಿನಿಂದ ಬಾಯಿಯತ್ತ ಸವರಿದರೆ ಹೋಗುತ್ತದೆ. ತರಕಾರಿಯ ಕಲೆಗೆ ನೀರು ಬೆರೆಸಿದ ಬ್ಲೀಚ್‌ನಲ್ಲಿ ಸ್ವಲ್ಪ ಹೊತ್ತು ನೆನೆಸಿ ತೊಳೆಯಿರಿ.

ಹರಿತ ಪರೀಕ್ಷೆಗೆ ತೆಳು ಕಾಗದವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಬುಡದಿಂದ ಮೊನೆಯವರೆಗೆ ಎಳೆದು ಕತ್ತರಿಸಿ. ಯಾವ ಜಾಗದಲ್ಲಿ ಸಿಕ್ಕಿಕೊಂಡು ಹರಿಯಿತೋ ಅಲ್ಲಿ ಚಕ್ಕೆ ಎದ್ದಿದೆ. ಯಾವ ಜಾಗದಲ್ಲಿ ಕತ್ತರಿಸದೆ ಜಾರಿತೋ ಅಲ್ಲಿ ಮೊಂಡಾಗಿದೆ. ಎರಡರ ಮದ್ದೂ ಬೇರೆ ಬೇರೆ.

ಮನೆಯಲ್ಲಿರುವ ಸಾಣೆಕಲ್ಲು ಸಾಲದೇ?

‘ವಜ್ರವೊಂದೇ ಕೆಲಸ ಮಾಡುತ್ತದೆ’ ಎಂಬ ಮಾತು ಅರ್ಧ ಸತ್ಯ. ವಿಕರ್ಸ್ ಗಡಸುತನದ ಅಂಕಿಗಳನ್ನು ನೋಡಿ (ಅಂಕಿ ಹೆಚ್ಚಿದಷ್ಟೂ ವಸ್ತು ಗಡಸು). ಚೆನ್ನಾಗಿ ಹದ ಮಾಡಿದ ಚಾಕುವಿನ ಉಕ್ಕು 700ರ ಆಸುಪಾಸು, ಜಿರ್ಕೋನಿಯಾ 1200-1300, ಬಹುತೇಕ ಕೃತಕ ಸಾಣೆಕಲ್ಲುಗಳ ಅಲ್ಯುಮಿನಾ ಸುಮಾರು 2000, ಸಿಲಿಕಾನ್ ಕಾರ್ಬೈಡ್ ಸುಮಾರು 2500, ವಜ್ರ 8000ಕ್ಕೂ ಮೇಲೆ. ಲೆಕ್ಕದ ಪ್ರಕಾರ ಅಲ್ಯುಮಿನಾ ಕೂಡ ಜಿರ್ಕೋನಿಯಾವನ್ನು ಗೀರಬಲ್ಲದು. ಆದರೆ ಕಲ್ಲಿನ ಹರಳುಗಳ ಮೊನೆ ಬೇಗ ಮುರುಟಿ, ಚಾಕು ಸವೆಯುವುದಕ್ಕಿಂತ ವೇಗವಾಗಿ ಕಲ್ಲೇ ಸವೆಯುತ್ತದೆ ಅಥವಾ ನುಣುಪಾಗಿ ಸುಮ್ಮನಾಗುತ್ತದೆ. ಆಗ ಕೈ ತಾನಾಗಿಯೇ ಒತ್ತಡ ಹೆಚ್ಚಿಸುತ್ತದೆ, ಬಾಯಿ ಉದುರುತ್ತದೆ.

ವಜ್ರದ ಪ್ಲೇಟ್ (ವಜ್ರದ ಹರಳು ಕೂರಿಸಿದ ಚಪ್ಪಟೆ ಲೋಹದ ಹಲಗೆ) ಇಲ್ಲದಿದ್ದರೆ ನೀರಿನಲ್ಲಿ ಬಳಸುವ ಸಿಲಿಕಾನ್ ಕಾರ್ಬೈಡ್ ಮರಳುಕಾಗದ ಒಂದು ಮಟ್ಟಿಗೆ ನಡೆಯುತ್ತದೆ. ದಪ್ಪ ಗಾಜಿನ ಮೇಲೆ ನೀರು ಚಿಮುಕಿಸಿ ಅಂಟಿಸಿ, 600, 1000, 2000 ಗ್ರಿಟ್ (ಅಂಕಿ ಹೆಚ್ಚಿದಷ್ಟೂ ಹರಳು ನಯ) ಕ್ರಮದಲ್ಲಿ ಬಳಸಿ. ಒಂದೊಂದು ತುಂಡೂ ಕೆಲವೇ ಡಜನ್ ಎಳೆತಕ್ಕೆ ಸತ್ತುಹೋಗುತ್ತದೆ, ತುಂಡುಗಳು ಧಾರಾಳವಾಗಿ ಇರಲಿ. ನೈಸರ್ಗಿಕ ಕಲ್ಲುಗಳ ಮಾತು ಬಿಟ್ಟುಬಿಡಿ. ಅವುಗಳಲ್ಲಿ ಕೆಲಸ ಮಾಡುವ ಕ್ವಾರ್ಟ್ಜ್ ಸೆರಾಮಿಕ್‌ಗಿಂತ ಮೆದು.

ಕಪ್ಪಿನ ತಳ, ಅಲ್ಯುಮಿನಿಯಂ ಫಾಯಿಲ್, ಉಕ್ಕಿನ ಸರಳು?

ಕಪ್ಪಿನ ತಳದ ಒರಟು ಉಂಗುರ ಉಕ್ಕಿಗೆ ಆಪತ್ಕಾಲದ ಸಾಣೆಯಾಗಬಹುದು. ಜಿರ್ಕೋನಿಯಾಕ್ಕಿಂತ ಪಿಂಗಾಣಿ ಮೆದು, ಹಾಗಾಗಿ ಚಾಕುವಿಗೆ ಸಿಗುವುದು ಪೆಟ್ಟು ಮಾತ್ರ. ಫಾಯಿಲ್ ಕತ್ತರಿಸಿದರೆ ಬಾಯಿಗೆ ಲೋಹದ ಮಸಿ ಬಳಿಯುತ್ತದೆ, ಬೇರೇನೂ ಆಗುವುದಿಲ್ಲ. ಉಕ್ಕಿನ ಸರಳಿನ ಕೆಲಸ ಮಡಚಿದ ಬಾಯಿಯನ್ನು ನೆಟ್ಟಗೆ ಮಾಡುವುದು. ಇಲ್ಲಿ ಮಡಚುವುದೇ ಇಲ್ಲದ ಮೇಲೆ ನೆಟ್ಟಗೆ ಮಾಡುವುದೇನನ್ನು?

ಎಲ್ಲಕ್ಕಿಂತ ಕೆಟ್ಟದ್ದು ವಿ ಆಕಾರದಲ್ಲಿ ಎರಡು ಟಂಗ್‌ಸ್ಟನ್ ಕಾರ್ಬೈಡ್ ತುಂಡುಗಳಿರುವ, ಚಾಕು ಎಳೆಯುವ ಸಾಧನ. ಅದು ಉಕ್ಕನ್ನು ಹೆರೆದು ತೆಗೆಯುತ್ತದೆ. ಸೆರಾಮಿಕ್ ಹೆರೆಸಿಕೊಳ್ಳುವುದಿಲ್ಲ, ಟಕಟಕ ಸದ್ದು ಮಾಡುತ್ತಾ ಉದುರುತ್ತದೆ. ಒಂದೇ ಎಳೆತಕ್ಕೆ ಬಾಯಿಯುದ್ದಕ್ಕೂ ಹಲ್ಲು ಬಿದ್ದಿರುತ್ತದೆ.

ಏನೇನು ಹೊಂದಿಸಿಕೊಳ್ಳಬೇಕು?

ವಜ್ರದ ಪ್ಲೇಟ್‌ಗಳು ಮೂರು: 600 ಮೆಶ್ (ಮೆಶ್ ಕೂಡ ಹರಳಿನ ನಯದ ಅಂಕಿಯೇ; ಹರಳು ಸುಮಾರು 25 ಮೈಕ್ರಾನ್, ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ), 1200 ಮೆಶ್ (ಸುಮಾರು 9 ಮೈಕ್ರಾನ್), 8000 ಮೆಶ್ (ಸುಮಾರು 3 ಮೈಕ್ರಾನ್). ಕಣ್ಣಿಗೆ ಕಾಣುವ ಚಕ್ಕೆ ಎದ್ದಿದ್ದರೆ ಮಾತ್ರ 325 ಮೆಶ್, ಅಂದರೆ 45 ಮೈಕ್ರಾನ್. ತಯಾರಕರು ಗ್ರಿಟ್ ಅಂಕಿಗಳನ್ನು ಬೇರೆ ಬೇರೆ ಅಳತೆಯಲ್ಲಿ ಬರೆಯುತ್ತಾರೆ. ಮೈಕ್ರಾನ್ ನೋಡಿ ಕೊಳ್ಳುವುದು ಕ್ಷೇಮ.

8000ದ ಪ್ಲೇಟ್ ಬದಲು ವಜ್ರದ ಲ್ಯಾಪಿಂಗ್ ಫಿಲ್ಮ್ ಕೂಡ ಆದೀತು. ಗಾಜಿನ ಮೇಲೆ ಅಂಟಿಸುವ ತೆಳು ಹಾಳೆ ಇದು, 9, 3, 1 ಮೈಕ್ರಾನ್‌ಗಳಲ್ಲಿ ಸಿಗುತ್ತದೆ. ನಿಜ ಹೇಳಬೇಕೆಂದರೆ ಕೊನೆಯ ಹಂತಕ್ಕೆ ಫಿಲ್ಮೇ ವಾಸಿ. ಹರಳುಗಳ ಎತ್ತರ ಒಂದೇ ಸಮ ಇರುವುದರಿಂದ ಬಾಯಿಗೆ ಬೀಳುವ ಪೆಟ್ಟು ಕಡಿಮೆ.

ಇವುಗಳ ಜೊತೆಗೆ: 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಪಕ್ಕದಿಂದ ಬೀಳುವ ಬೆಳಕು, ಪರ್ಮನೆಂಟ್ ಮಾರ್ಕರ್ (ಕಪ್ಪು ಅಲಗಾದರೆ ಬಿಳಿ ಅಥವಾ ಬೆಳ್ಳಿ ಬಣ್ಣದ್ದು), ನೀರಿಗೆ ಎರಡು ಹನಿ ಪಾತ್ರೆ ಸೋಪು, ಪ್ಲೇಟ್ ಜಾರದಂತೆ ಒದ್ದೆ ಬಟ್ಟೆ, ಕಣ್ಣಿಗೆ ರಕ್ಷಣಾ ಕನ್ನಡಕ. ಅಡುಗೆಮನೆಯ ತಕ್ಕಡಿಯೂ ಹತ್ತಿರ ಇರಲಿ. ಏಕೆಂದು ಮುಂದೆ ಗೊತ್ತಾಗುತ್ತದೆ.

ಹೊಸ ಪ್ಲೇಟನ್ನು ನೇರವಾಗಿ ಬಳಸಬಹುದೇ?

ಬೇಡ. ಹೊಸ ಪ್ಲೇಟಿನಲ್ಲಿ ಕೆಲವು ವಜ್ರದ ಹರಳುಗಳು ಉಳಿದವಕ್ಕಿಂತ ಎದ್ದು ನಿಂತಿರುತ್ತವೆ. ಅಂಥ ಒಂದೇ ಹರಳು ಸಾಕು, 9 ಮೈಕ್ರಾನ್ ಪ್ಲೇಟಿನ ಮೇಲೆ 50 ಮೈಕ್ರಾನ್ ಚಕ್ಕೆ ಎಬ್ಬಿಸಲು. ಮೊದಲು ಹಳೆಯ ಉಕ್ಕಿನ ಚಾಕುವನ್ನೋ ಉಳಿಯನ್ನೋ ನೀರು ಹಾಕಿಕೊಂಡು ಪ್ಲೇಟಿನ ಎಲ್ಲ ಭಾಗದಲ್ಲೂ ಹತ್ತು ನಿಮಿಷ ಉಜ್ಜಿ. ಶುರುವಿನ ಕರಕರ ಸದ್ದು ಅಡಗಿ ಸರಸರ ಎನ್ನತೊಡಗಿದಾಗ ಪ್ಲೇಟ್ ಪಳಗಿದೆ ಎಂದು ತಿಳಿಯಿರಿ. ಆಮೇಲೆ ಉಕ್ಕಿನ ಪುಡಿ ಉಳಿಯದಂತೆ ಸೋಪಿನಿಂದ ತಿಕ್ಕಿ ತೊಳೆಯಿರಿ.

ಕೋನ ಎಷ್ಟು? ಅದನ್ನು ಹಿಡಿಯುವುದು ಹೇಗೆ?

ಒಂದೊಂದು ಮಗ್ಗುಲಿಗೂ 15ರಿಂದ 20 ಡಿಗ್ರಿ. 15ರಲ್ಲಿ ಸಲೀಸಾಗಿ ಕತ್ತರಿಸುತ್ತದೆ, ಬೇಗ ಉದುರುತ್ತದೆ. 20ರಲ್ಲಿ ತುಸು ಮಂದ, ಬಾಳಿಕೆ ಜಾಸ್ತಿ. ಮನೆಯಲ್ಲಿ ಹಲವರ ಕೈಗೆ ಸಿಗುವ ಚಾಕುವಿಗೆ 20 ಒಳ್ಳೆಯದು.

ಕೋನವನ್ನು ಕಣ್ಣಂದಾಜಿನಲ್ಲಿ ಹಿಡಿಯುವ ಬದಲು ಬೆನ್ನಿನ ಎತ್ತರ ಅಳೆಯಿರಿ. ಬಾಯಿಯಿಂದ ಬೆನ್ನಿನವರೆಗಿನ ಅಗಲವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು 15 ಡಿಗ್ರಿಗೆ 0.26ರಿಂದ, 18ಕ್ಕೆ 0.31ರಿಂದ, 20ಕ್ಕೆ 0.34ರಿಂದ ಗುಣಿಸಿ. ಅಗಲ 35 ಮಿ.ಮೀ. ಇದ್ದರೆ 20 ಡಿಗ್ರಿಗೆ ಬೆನ್ನು ಪ್ಲೇಟಿನಿಂದ ಸುಮಾರು 12 ಮಿ.ಮೀ. ಎತ್ತರದಲ್ಲಿರಬೇಕು. 25 ಮಿ.ಮೀ. ಅಗಲದ ಸಣ್ಣ ಚಾಕುವಿಗೆ 8.5 ಸಾಕು. ಎತ್ತರವನ್ನು ಬೆನ್ನಿನ ದಪ್ಪದ ನಡುಮಧ್ಯಕ್ಕೆ ಅಳೆಯಿರಿ. ಆ ಕೋನಕ್ಕೆ ಕತ್ತರಿಸಿದ ಮರದ ಚಿಕ್ಕ ಬೆಣೆಯೊಂದು ಪಕ್ಕದಲ್ಲಿದ್ದರೆ ಪ್ರತಿ ಹತ್ತು ಎಳೆತಕ್ಕೊಮ್ಮೆ ಹೋಲಿಸಿಕೊಳ್ಳಬಹುದು.

ಕೆಲವು ಸೆರಾಮಿಕ್ ಚಾಕುಗಳಿಗೆ ಒಂದೇ ಮಗ್ಗುಲಿನಲ್ಲಿ ಇಳಿಜಾರು ಇರುತ್ತದೆ. ಅಂಥದಕ್ಕೆ ಆ ಮಗ್ಗುಲನ್ನು ಮಾತ್ರ ಉಜ್ಜಿ. ಚಪ್ಪಟೆ ಮಗ್ಗುಲನ್ನು ಕೊನೆಯಲ್ಲಿ 3 ಮೈಕ್ರಾನ್ ಮೇಲೆ ಚಪ್ಪಟೆಯಾಗಿಯೇ ಇಟ್ಟು ನಾಲ್ಕೈದು ಸಲ ಸವರಿದರೆ ಆಯಿತು.

ಕೋನ ಹಿಡಿಯುವ ಕ್ಲ್ಯಾಂಪ್ ಸಾಧನ ಇದ್ದರೆ ಬಳಸಿ, ಆದರೆ ದವಡೆಗೆ ರಬ್ಬರ್ ಅಥವಾ ಚರ್ಮ ಸುತ್ತಿ, ಸ್ಕ್ರೂವನ್ನು ಬೆರಳಲ್ಲಿ ಮಾತ್ರ ಬಿಗಿ ಮಾಡಿ. ಲೋಹದ ದವಡೆಯಲ್ಲಿ ಅಡ್ಡಕ್ಕೆ ಸಿಕ್ಕಿದ ಸೆರಾಮಿಕ್ ಅಲಗು ಬಗ್ಗದೆ ಟಪ್ಪೆಂದು ಎರಡಾಗುತ್ತದೆ.

ಸಾಣೆ ಹಿಡಿಯುವ ಕ್ರಮ ಹೇಳಿ.

ಮೊದಲು ಚಾಕುವನ್ನು ತೊಳೆದು ಒರೆಸಿ, ಭೂತಗನ್ನಡಿಯಲ್ಲಿ ಬಾಯಿಯನ್ನು ಬುಡದಿಂದ ಮೊನೆಯವರೆಗೆ ನೋಡಿ. ಚಕ್ಕೆ ಎದ್ದ ಜಾಗಗಳನ್ನು ಬೆನ್ನಿನ ಮೇಲೆ ಗುರುತು ಮಾಡಿ. ಎರಡೂ ಮಗ್ಗುಲಿನ ಇಳಿಜಾರಿಗೆ ಮಾರ್ಕರ್ ಬಳಿಯಿರಿ.

ಪ್ಲೇಟನ್ನು ಒದ್ದೆ ಬಟ್ಟೆಯ ಮೇಲಿಟ್ಟು ಸೋಪುನೀರು ಹನಿಸಿ. ಬುಡದ ಕಡೆಯಿಂದ ಬಾಯಿಯನ್ನು ಪ್ಲೇಟಿಗೆ ಇಡಿ. ಕುಟ್ಟಬೇಡಿ, ಇಡಿ. ಈಗ ನೆನಪಿಡಬೇಕಾದದ್ದು ಒಂದೇ: ಬೆನ್ನು ಮುಂದೆ, ಬಾಯಿ ಹಿಂದೆ. ಬ್ರೆಡ್ಡಿಗೆ ಬೆಣ್ಣೆ ಸವರುವಾಗ ಚಾಕು ಯಾವ ದಿಕ್ಕಿಗೆ ಹೋಗುತ್ತದೋ ಆ ದಿಕ್ಕು. ಬಾಯಿಯನ್ನು ಮುಂದೆ ಮಾಡಿ ತಳ್ಳಿದರೆ ಪ್ರತಿ ವಜ್ರದ ಹರಳೂ ಬಾಯಿಗೆ ಎದುರಿನಿಂದ ಗುದ್ದುತ್ತದೆ. ಉಕ್ಕಿನವರು ಹಾಗೆ ತಳ್ಳುವುದಕ್ಕೆ ಕಾರಣವಿದೆ: ಬೆನ್ನು ಮುಂದೆ ಮಾಡಿ ಎಳೆದರೆ ಉಕ್ಕು ಅಂಚಿನಾಚೆ ಮಡಚಿ ಬರ್ ಎಂಬ ಎಳೆಯಾಗಿ ನಿಲ್ಲುತ್ತದೆ. ಸೆರಾಮಿಕ್‌ನಲ್ಲಿ ಬರ್ ಏಳುವುದೇ ಇಲ್ಲ, ಆ ಭಯವೂ ಇಲ್ಲ.

ಎಳೆಯುತ್ತಲೇ ಬುಡದಿಂದ ಮೊನೆಗೆ ಸರಿಯಿರಿ. ಎಳೆತದ ಕೊನೆಯಲ್ಲಿ ಬೆನ್ನನ್ನು ಎತ್ತಬೇಡಿ, ಎತ್ತಿದರೆ ಆಗಷ್ಟೇ ಹರಿತವಾದ ಬಾಯಿ ಗುಂಡಗಾಗುತ್ತದೆ. ಕೈ ನಿಲ್ಲಿಸಿ, ಚಾಕುವನ್ನು ನೇರ ಮೇಲಕ್ಕೆ ಎತ್ತಿ. ಮೊನೆ ಪ್ಲೇಟಿನ ಅಂಚು ದಾಟಿ ಕೆಳಗೆ ಜಾರುವಂತಿಲ್ಲ. ಪ್ಲೇಟಿನ ಲೋಹದ ಮೂಲೆ ತಾಗಿ ಮೊನೆ ಹೋದ ಚಾಕುಗಳೇ ಹೆಚ್ಚು.

ಮೂರು-ನಾಲ್ಕು ಎಳೆತದ ನಂತರ ಮಾರ್ಕರ್ ನೋಡಿ. ಬಾಯಿಯ ತುದಿಯಲ್ಲಿ ಮಸಿ ಉಳಿದು ಮೇಲ್ಭಾಗದಲ್ಲಿ ಅಳಿಸಿದ್ದರೆ ಬೆನ್ನು ತಗ್ಗಾಗಿದೆ, ಸ್ವಲ್ಪ ಎತ್ತಿ. ತುದಿಯಲ್ಲಿ ಮಾತ್ರ ಅಳಿಸಿದ್ದರೆ ಕೋನ ಹೆಚ್ಚಾಗಿದೆ. ಇಳಿಜಾರಿನುದ್ದಕ್ಕೂ ಅಳಿಸಿದರೆ ಆ ಕೈಯನ್ನು ಹಾಗೆಯೇ ಉಳಿಸಿಕೊಳ್ಳಿ.

ಚಕ್ಕೆ ಎದ್ದಿದ್ದರೆ 600 ಮೆಶ್ ಮೇಲೆ ಒಂದು ಮಗ್ಗುಲಿಗೆ ಹತ್ತು ಎಳೆತ, ಇನ್ನೊಂದಕ್ಕೆ ಹತ್ತು (ಬರೀ ಮೊಂಡಾಗಿದ್ದರೆ 1200ರಿಂದಲೇ ಶುರು ಮಾಡಿ). ಹೀಗೆ ಎರಡರಿಂದ ನಾಲ್ಕು ಸುತ್ತು. ಒಂದೇ ಮಗ್ಗುಲನ್ನು ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ, ಬಾಯಿ ಒಂದು ಕಡೆಗೆ ವಾಲುತ್ತದೆ. ಮುಂದಿನ ಪ್ಲೇಟಿಗೆ ಹೋಗುವ ಮುನ್ನ ಚಾಕುವನ್ನೂ ಕೈಯನ್ನೂ ತೊಳೆಯಿರಿ. 25 ಮೈಕ್ರಾನ್ ಹರಳೊಂದು 3 ಮೈಕ್ರಾನ್ ಪ್ಲೇಟಿಗೆ ಬಂದು ಕೂತರೆ ಅಲ್ಲಿಯವರೆಗಿನ ಶ್ರಮ ನೀರಿಗೆ ಹೋಮ. 1200 ಮೆಶ್ ಮೇಲೆ 30, 8000 ಮೇಲೆ 30 ಎಳೆತ ಸಾಮಾನ್ಯವಾಗಿ ಸಾಕು. ಕೊನೆಯ ಐದಾರು ಎಳೆತಕ್ಕೆ ಬೆನ್ನನ್ನು ಒಂದು-ಒಂದೂವರೆ ಮಿ.ಮೀ. ಹೆಚ್ಚು ಎತ್ತಿದರೆ ಬಾಯಿಯ ತುದಿಗೆ ತುಸು ದಪ್ಪ ಸಿಕ್ಕಿ ಬಾಳಿಕೆ ಬರುತ್ತದೆ.

‘ಮೆಲ್ಲಗೆ’ ಅಂದರೆ ಎಷ್ಟು ಮೆಲ್ಲಗೆ?

ತಕ್ಕಡಿ ಬೇಕಾದದ್ದು ಇದಕ್ಕೆ. ಪ್ಲೇಟನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಎಳೆದು ನೋಡಿ. 600 ಮೆಶ್ ಮೇಲೆ 100ರಿಂದ 150 ಗ್ರಾಂ, ಕೊನೆಯ ಹಂತದಲ್ಲಿ 50 ಗ್ರಾಂ ಆಸುಪಾಸು. ಉಕ್ಕಿಗೆ ಪಳಗಿದ ಕೈ ಮೊದಲ ಸಲ ಅರ್ಧ ಕಿಲೋ ಮೀರಿಸುತ್ತದೆ, ಅದೂ ತನಗೆ ಗೊತ್ತಿಲ್ಲದೆ. ಐದು ನಿಮಿಷ ಅಂಕಿ ನೋಡುತ್ತಾ ಎಳೆದರೆ ಕೈಗೆ ಹದ ಸಿಗುತ್ತದೆ. ಆಮೇಲೆ ತಕ್ಕಡಿ ಬೇಡ.

ಬರ್ ಏಳುವುದಿಲ್ಲ ಎಂದರೆ ಮುಗಿಯಿತೆಂದು ತಿಳಿಯುವುದು ಹೇಗೆ?

ಬೆರಳಿನಿಂದ ತಿಳಿಯುವುದಿಲ್ಲ. ಕಣ್ಣಿನಿಂದ ತಿಳಿಯಬೇಕು. ಬಾಯಿಯನ್ನು ಮೇಲ್ಮುಖವಾಗಿ ಹಿಡಿದು ಪಕ್ಕದ ದೀಪಕ್ಕೆ ಒಡ್ಡಿ ನಿಧಾನ ಓರೆ ಮಾಡಿ. ಹರಿತವಾದ ಬಾಯಿ ಬೆಳಕನ್ನು ಹಿಂದಿರುಗಿಸುವುದಿಲ್ಲ. ಮೊಂಡು ಭಾಗ ತೆಳು ಬೆಳ್ಳಿಗೆರೆಯಂತೆ, ಚಕ್ಕೆ ಎದ್ದ ಜಾಗ ಚುಕ್ಕಿಯಂತೆ ಮಿಂಚುತ್ತದೆ. ಬಿಳಿ ಅಲಗಿನಲ್ಲಿ ಈ ಮಿಂಚು ಕಾಣುವುದು ಕಷ್ಟ. ಬಾಯಿಯ ತುದಿಗೆ ಮತ್ತೊಮ್ಮೆ ಮಾರ್ಕರ್ ಬಳಿದು ಎರಡು ಎಳೆತ ಎಳೆಯಿರಿ. ಮೊಂಡು ಉಳಿದಲ್ಲಿ ಕಪ್ಪು ಎಳೆಯೊಂದು ಉಳಿಯುತ್ತದೆ.

ಹತ್ತಿಯ ಇಯರ್ ಬಡ್ ಅನ್ನು ಬೆನ್ನಿನಿಂದ ಬಾಯಿಯಾಚೆಗೆ ಸವರುತ್ತಾ ಬುಡದಿಂದ ಮೊನೆಗೆ ಬನ್ನಿ. ಎಳೆ ಸಿಕ್ಕಿಕೊಂಡಲ್ಲೆಲ್ಲ ಇನ್ನೂ ಹಲ್ಲಿದೆ.

ಉಜ್ಜಿದಷ್ಟೂ ಹಲ್ಲು ಹೆಚ್ಚಾಗುತ್ತಿದೆ. ಎಲ್ಲಿ ತಪ್ಪುತ್ತಿದೆ?

ಹೆಚ್ಚಾಗಿ ಒತ್ತಡದಲ್ಲಿ. ಅದು ಸರಿಯಿದ್ದರೆ ಪ್ಲೇಟ್ ಹೊಸದೇ ಎಂದು ನೋಡಿ. ಅದೂ ಅಲ್ಲವೆಂದರೆ ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಿರಬಹುದು, ಹಿಂತಿರುಗುವಾಗ ಬಾಯಿ ಮುಂದಾಗುತ್ತದೆ. ಪ್ರತಿ ಎಳೆತಕ್ಕೂ ಎತ್ತಿ ವಾಪಸ್ ತನ್ನಿ.

ಇನ್ನೊಂದು ಕಾರಣ ಬೇಗ ಹೊಳೆಯುವುದಿಲ್ಲ: ಆರಂಭವೇ ಅಗತ್ಯಕ್ಕಿಂತ ಒರಟು ಪ್ಲೇಟಿನಿಂದ ಆಗಿರಬಹುದು. 45 ಮೈಕ್ರಾನ್ ಪ್ಲೇಟ್ ಬಾಯಿಯಲ್ಲಿ ಅದೇ ಗಾತ್ರದ ಹಲ್ಲು ಬಿಡುತ್ತದೆ, ಅದನ್ನು ಅಳಿಸಲು 9 ಮೈಕ್ರಾನ್‌ಗೆ ಬಹಳ ಹೊತ್ತು ಬೇಕು. ಚಾಕು ಬರೀ ಮೊಂಡಾಗಿದ್ದರೆ 1200ರಿಂದಲೇ ಶುರು ಮಾಡಿ. ನಿಧಾನವಾದರೂ ಒಟ್ಟಾರೆ ಬೇಗ ಮುಗಿಯುತ್ತದೆ.

ಅರ್ಧ ಮಿಲಿಮೀಟರ್ ಚಕ್ಕೆ ಹೋಗಿದೆ. ಸರಿಯಾಗುತ್ತದೆಯೇ?

ಆಗುತ್ತದೆ, ಆದರೆ ಆ ಹಳ್ಳವನ್ನು ಮಾತ್ರ ಉಜ್ಜುವುದಲ್ಲ. ಅಲ್ಲಿ ಮಾತ್ರ ಉಜ್ಜಿದರೆ ಬಾಯಿ ಬಿಲ್ಲಿನಂತೆ ಒಳಬಾಗಿ ಕತ್ತರಿಸುವ ಹಲಗೆಗೆ ಕೂರುವುದಿಲ್ಲ. ಇಡೀ ಬಾಯಿಯನ್ನು ಹಳ್ಳದ ತಳದವರೆಗೆ ಇಳಿಸಬೇಕು. 325 ಮೆಶ್ ಮೇಲೆ ನೀರು ಹಾಕುತ್ತಾ ಹೋದರೆ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯಬಹುದು. ಹಳ್ಳದ ತಳ ಮುಟ್ಟುವ ತುಸು ಮುಂಚೆಯೇ 600ಕ್ಕೆ ಹೋಗಿ. ಒರಟು ಪ್ಲೇಟಿನ ಹಲ್ಲುಗಳನ್ನು ಅಳಿಸಲು ಸ್ವಲ್ಪ ವಸ್ತು ಉಳಿದಿರಬೇಕು.

ಇಷ್ಟು ತೆಗೆದ ಮೇಲೆ ಇಳಿಜಾರು ಅಗಲವಾಗಿ ಬಾಯಿಯ ಹಿಂದೆ ಅಲಗು ದಪ್ಪಗಿರುತ್ತದೆ. ಗಟ್ಟಿ ಕ್ಯಾರೆಟ್ ಕತ್ತರಿಸುವಾಗ ಬೆಣೆ ಹೊಡೆದಂತೆ ಸೀಳಿದರೆ ಕಾರಣ ಇದೇ, ಮೊಂಡಲ್ಲ.

ಚಕ್ಕೆ 1 ಮಿ.ಮೀ. ಮೀರಿದ್ದರೆ ಆ ಶ್ರಮಕ್ಕೆ ಕೈ ಹಾಕದಿರುವುದು ಒಳ್ಳೆಯದು. ಚಕ್ಕೆಯಿಂದ ಅಲಗಿನೊಳಕ್ಕೆ ಕೂದಲೆಳೆಯಂಥ ಬಿರುಕು ಹೊರಟಿದ್ದರೆ ಗಾತ್ರ ಎಷ್ಟೇ ಇರಲಿ, ಚಾಕುವನ್ನು ಅಂದಿಗೇ ಬಿಟ್ಟುಬಿಡಿ. ಮಾರ್ಕರ್ ಮಸಿ ಹಚ್ಚಿ ಒರೆಸಿದರೆ ಬಿರುಕಿನಲ್ಲಿ ಮಸಿ ಉಳಿದು ಎದ್ದು ಕಾಣುತ್ತದೆ.

ಮೊನೆ ಮುರಿದಿದೆ.

ಬಾಯಿಯ ಕಡೆಯಿಂದ ಉಜ್ಜಬೇಡಿ, ಬೆನ್ನಿನ ಕಡೆಯಿಂದ ಉಜ್ಜಿ. ಬೆನ್ನಿನ ತುದಿಯನ್ನು 325 ಮೆಶ್ ಮೇಲೆ ಇಳಿಸುತ್ತಾ ಬಂದರೆ ಅದು ಬಾಯಿಯನ್ನು ಕೂಡುವಲ್ಲಿ ಹೊಸ ಮೊನೆ ಹುಟ್ಟುತ್ತದೆ. ಚಾಕುವನ್ನು ಪ್ಲೇಟಿಗೆ ನೆಟ್ಟಗೆ ನಿಲ್ಲಿಸಿ, ಮೊನೆಯತ್ತ ಎಳೆಯದೆ ಮೊನೆಯಿಂದ ಹಿಡಿಯ ಕಡೆಗೆ ಎಳೆಯಿರಿ. ಮೊನೆಯನ್ನು ಸೂಜಿಯಂತೆ ಮಾಡುವ ಆಸೆ ಬೇಡ. ತುಸು ಗುಂಡಗಿದ್ದರೆ ಎರಡನೇ ಸಲ ಮುರಿಯುವುದಿಲ್ಲ.

ಗರಗಸದ ಹಲ್ಲಿನ ಸೆರಾಮಿಕ್ ಚಾಕು? ಸಿಪ್ಪೆ ಹೆರೆಯುವ ಪೀಲರ್?

ಹಲ್ಲಿನ ಚಾಕುವಿಗೆ ಮನೆಯಲ್ಲಿ ಸಾಣೆ ಕೂಡದು. ಪ್ರತಿ ಹಲ್ಲಿನ ಮೊನೆಯೂ ಉದುರಲು ಕಾದಿರುತ್ತದೆ. ಪೀಲರಿನ ಅಲಗು ಚೌಕಟ್ಟಿನೊಳಗೆ ಇರುವುದರಿಂದ ಪ್ಲೇಟ್ ತಾಗುವುದೇ ಇಲ್ಲ, ಬದಲಿಸುವುದೇ ದಾರಿ.

ವಿದ್ಯುತ್ ಸಾಣೆಯಂತ್ರ ಸರಿಯೇ?

‘ಸೆರಾಮಿಕ್‌ಗೆ’ ಎಂದು ಸ್ಪಷ್ಟವಾಗಿ ಬರೆದಿರುವ, ವಜ್ರದ ಚಕ್ರವಿರುವ ಯಂತ್ರ ಮಾತ್ರ. ಉಕ್ಕಿಗೆಂದು ಮಾಡಿದ ಯಂತ್ರದಲ್ಲಿ ವಜ್ರವಿದ್ದರೂ ಹರಳು ಒರಟಾಗಿರಬಹುದು. ಚಕ್ರ ಪೂರ್ತಿ ವೇಗಕ್ಕೆ ಬಂದ ಮೇಲೆ ಬುಡವನ್ನು ಸೀಳಿನೊಳಗೆ ಇಳಿಸಿ, ಕೆಳಕ್ಕೆ ಒತ್ತದೆ, ಅಕ್ಕಪಕ್ಕ ಓಲಾಡಿಸದೆ, ಒಂದೇ ವೇಗದಲ್ಲಿ ಎಳೆಯಿರಿ. ಸಾಧಾರಣ ಉದ್ದದ ಅಲಗಿಗೆ ನಾಲ್ಕೈದು ಸೆಕೆಂಡು. ಅಲಗು ಒಳಗಿರುವಾಗ ಯಂತ್ರ ಆರಿಸಬೇಡಿ. ಕೈಯಲ್ಲಿ ಮಾಡಿದಷ್ಟು ನಯ ಬರುವುದಿಲ್ಲ, ಆದರೆ ಕೋನ ತಪ್ಪುವುದಿಲ್ಲ. ಕೈ ನಡುಗುವವರಿಗೆ, ಬೇಸರಪಡುವವರಿಗೆ ಇದೇ ಒಳ್ಳೆಯದು.

ಬೆಲ್ಟ್ ಗ್ರೈಂಡರ್, ರೋಟರಿ ಟೂಲ್‌ಗಳನ್ನು ದೂರವಿಡಿ. ಜಿರ್ಕೋನಿಯಾ ಶಾಖವನ್ನು ಬೇಗ ಹರಡುವುದಿಲ್ಲ. ಉಜ್ಜಿದ ಬಿಸಿಯೆಲ್ಲ ಕೂದಲೆಳೆಯಷ್ಟು ತೆಳು ಬಾಯಿಯಲ್ಲೇ ನಿಂತು ಸೂಕ್ಷ್ಮ ಬಿರುಕುಗಳಾಗುತ್ತವೆ. ಆ ಕ್ಷಣಕ್ಕೆ ಕಾಣದ ಬಿರುಕು ಆಮೇಲೆ ಚಕ್ಕೆಯಾಗಿ ಏಳುತ್ತದೆ.

ಕೊನೆಗೆ ಚರ್ಮದ ಪಟ್ಟಿಯ ಮೇಲೆ ತೀಡಬೇಕೇ?

ಬರೀ ಚರ್ಮದಿಂದ ಏನೂ ಆಗದು, ಹಸಿರು ಕ್ರೋಮಿಯಂ ಆಕ್ಸೈಡ್ ಹಚ್ಚಿದರೂ ಸಿಗುವ ಲಾಭ ಅತ್ಯಲ್ಪ. 1 ಮೈಕ್ರಾನ್ ವಜ್ರದ ಪೇಸ್ಟ್ ಹಚ್ಚಿದ ಗಟ್ಟಿ ತಳದ ಚರ್ಮ ಅಥವಾ ನುಣುಪು ಮರದ ಪಟ್ಟಿಯ ಮೇಲೆ 20 ಎಳೆತ ಕೊಟ್ಟರೆ ಕಾಗದ ಕತ್ತರಿಸುವ ಸದ್ದೇ ಬದಲಾಗುತ್ತದೆ. ಟೊಮೆಟೊಗೆ ಮಾತ್ರ 3 ಮೈಕ್ರಾನ್‌ನಲ್ಲಿ ನಿಲ್ಲಿಸಿದ ಬಾಯಿಯೇ ಚೆನ್ನಾಗಿ ಕಚ್ಚುತ್ತದೆ.

ದೂಳಿನ ಅಪಾಯ ಇದೆಯೇ?

ಒಣಗಿಸಿ ಉಜ್ಜಿದರೆ ಇದೆ, ಅದಕ್ಕೇ ಯಾವಾಗಲೂ ನೀರು ಬೇಕು. ಪ್ಲೇಟ್ ಮೇಲೆ ಕೂರುವ ಬಿಳಿ ಕೆಸರನ್ನು ಒದ್ದೆ ಕಾಗದದಿಂದ ತೆಗೆದು ಹೊರಹಾಕಿ, ಅಂಗೈಯಿಂದ ಸವರಬೇಡಿ. ಅದರಲ್ಲಿ ಗಾಜಿನ ಚೂರಿನಂಥ ಚಕ್ಕೆಗಳು ಇರಬಹುದು. ಕೆಲಸ ಮುಗಿದ ಮೇಲೆ ಚಾಕುವನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದೇ ಆಹಾರಕ್ಕೆ ಬಳಸಿ.

ಪ್ಲೇಟ್ ಮೊದಲಿನಂತೆ ಕತ್ತರಿಸುತ್ತಿಲ್ಲ.

ಮೊದಲು ಕೆಸರು ಕಟ್ಟಿದೆಯೇ ನೋಡಿ. ಪಾತ್ರೆ ತೊಳೆಯುವ ಪುಡಿ ಹಾಕಿ ನೈಲಾನ್ ಬ್ರಶ್‌ನಿಂದ ತಿಕ್ಕಿದರೆ ಅರ್ಧಕ್ಕರ್ಧ ದೂರು ಅಲ್ಲಿಗೇ ಮುಗಿಯುತ್ತದೆ. ಅಗ್ಗದ ಪ್ಲೇಟುಗಳಲ್ಲಿ ವಜ್ರವನ್ನು ಹಿಡಿದಿರುವುದು ನಿಕಲ್‌ನ ತೆಳು ಪದರ ಮಾತ್ರ. ಒತ್ತಿ ಉಜ್ಜಿದರೆ ಹರಳು ಸವೆಯುವ ಮೊದಲೇ ಕಿತ್ತುಹೋಗುತ್ತದೆ. ಸೆರಾಮಿಕ್ ಉಜ್ಜಿದ ಪ್ಲೇಟ್, ಉಕ್ಕು ಮಾತ್ರ ಉಜ್ಜಿದ್ದಕ್ಕಿಂತ ಬೇಗ ಮುದಿಯಾಗುವುದು ಸಹಜ.

ಹರಿತ ಹೆಚ್ಚು ದಿನ ಉಳಿಯಲು?

ಮರದ ಅಥವಾ ಮೆದು ಪ್ಲಾಸ್ಟಿಕ್ ಹಲಗೆ ಬಳಸಿ. ಗಾಜು, ಕಲ್ಲು, ತಟ್ಟೆಯ ಮೇಲೆ ಕತ್ತರಿಸಬೇಡಿ. ಮೂಳೆ, ಹೆಪ್ಪುಗಟ್ಟಿದ ಆಹಾರ, ಗಟ್ಟಿ ಸಿಪ್ಪೆಯ ಕುಂಬಳಕಾಯಿಗೆ ಉಕ್ಕಿನ ಚಾಕು ಇರಲಿ. ಹೋಳು ಸಿಕ್ಕಿಕೊಂಡಾಗ ಚಾಕುವನ್ನು ತಿರುಚಿ ಬಿಡಿಸುವುದು, ಅಲಗಿನ ಚಪ್ಪಟೆ ಭಾಗದಿಂದ ಬೆಳ್ಳುಳ್ಳಿ ಜಜ್ಜುವುದು, ಹೆಚ್ಚಿದ್ದನ್ನು ಬಾಯಿಯಿಂದ ಹಲಗೆಯ ಮೇಲೆ ಕೆರೆದು ಒಟ್ಟುಮಾಡುವುದು ಈ ಮೂರರಿಂದಲೇ ಹೆಚ್ಚು ಚಕ್ಕೆಗಳು ಏಳುತ್ತವೆ. ಕೆರೆಯುವುದೇ ಆದರೆ ಚಾಕು ತಿರುಗಿಸಿ ಬೆನ್ನಿನಿಂದ ಕೆರೆಯಿರಿ. ಡ್ರಾಯರಿನಲ್ಲಿ ಕವಚವಿಲ್ಲದೆ ಇಡಬೇಡಿ. ಆಯಸ್ಕಾಂತದ ಪಟ್ಟಿಗೆ ಇದು ಅಂಟುವುದಿಲ್ಲ, ಮರೆತು ಕೈ ಬಿಟ್ಟರೆ ನೆಲದ ಪಾಲು.

ಇಷ್ಟೆಲ್ಲ ಮಾಡುವುದಕ್ಕಿಂತ ಹೊಸದು ಕೊಳ್ಳಬಾರದೇ?

ವಜ್ರದ ಪ್ಲೇಟ್ ಮನೆಯಲ್ಲಿಲ್ಲ, ಇರುವುದು ಒಂದೇ ಅಗ್ಗದ ಸಣ್ಣ ಚಾಕು ಎಂದಾದರೆ ಹೊಸದೇ ಸರಿ. ಪ್ಲೇಟುಗಳ ಬೆಲೆ ಚಾಕುವಿನದನ್ನು ಮೀರುತ್ತದೆ. ಪ್ಲೇಟ್ ಈಗಾಗಲೇ ಇದ್ದರೆ, ಅಥವಾ ಚಾಕು ಒಳ್ಳೆಯದಾಗಿದ್ದರೆ ಸಾಣೆ ಹಿಡಿಯಿರಿ. ಕೆಲವು ತಯಾರಕರು ತಮ್ಮದೇ ಚಾಕುಗಳಿಗೆ ಸಾಣೆ ಹಿಡಿದು ಕೊಡುತ್ತಾರೆ. ದೊಡ್ಡ ಚಕ್ಕೆ ಎದ್ದಿದ್ದರೆ ಮೊದಲು ಅಲ್ಲಿ ವಿಚಾರಿಸಿ, ಮನೆಯಲ್ಲಿ ಉಜ್ಜಿ ನೋಡಿದ ಮೇಲೆ ಅಲ್ಲ.

ಒಡೆದ ಚಾಕುವನ್ನು ಎಸೆಯುವುದು ಹೇಗೆ?

ಗಾಜಿನಂತೆಯೇ. ತುಂಡುಗಳನ್ನು ದಪ್ಪ ರಟ್ಟಿನ ನಡುವೆ ಇಟ್ಟು ಟೇಪ್ ಸುತ್ತಿ, ಮೇಲೆ ‘ಚೂಪು’ ಎಂದು ಬರೆಯಿರಿ. ಗಾಜು ಅಥವಾ ಲೋಹದ ಮರುಬಳಕೆ ಡಬ್ಬಿಗೆ ಹಾಕಬೇಡಿ. ಗಾಜು ಕರಗುವ ಶಾಖದಲ್ಲಿ ಜಿರ್ಕೋನಿಯಾ ಕರಗುವುದಿಲ್ಲ. ನೆಲಕ್ಕೆ ಬಿದ್ದು ಒಡೆದಿದ್ದರೆ ಗುಡಿಸಿದ ಮೇಲೂ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ. ಬಿಳಿ ನೆಲದ ಮೇಲೆ ಬಿಳಿ ಚೂರು ಕಣ್ಣಿಗಿಂತ ಮೊದಲು ಕಾಲಿಗೆ ಸಿಗುತ್ತದೆ.